ಯಾವ ವಿಷಯ ಓದಿದರೆ ದೇಶ ಕಾಯಬಹುದು?

ಕಳೆದ ವರ್ಷ ಸುವರ್ಣ ಮಹೋತ್ಸವದ ಪೂರ್ವಭಾವಿ ಸಭೆಗೆಂದು ಬೆಂಗಳೂರಿನಿಂದ ಊರಿಗೆ ಬಂದಿದ್ದೆ. ಸಭೆ ಸೇರಲು ಇನ್ನೂ ಒಂದು ಗಂಟೆ ಇತ್ತು. ಮುಖ್ಯೋಪಾಧ್ಯಾಯರು, "ಹೇಗೂ ಬಂದಿದ್ದೀರಿ, ಹತ್ತನೇ ತರಗತಿಯ ಮಕ್ಕಳಿಗೆ ಮುಂದೇನು ಓದಬೇಕು ಅಂತ ನಾಲ್ಕು ಮಾತು ಹೇಳಿ" ಎಂದರು. ನಾನು ಕೂತು ಪಾಠ ಕೇಳಿದ್ದ ಅದೇ ಕೋಣೆ. ಕರಿಹಲಗೆಯ ಜಾಗದಲ್ಲಿ ಹಸಿರು ಹಲಗೆ ಬಂದಿದೆ, ಹೆಂಚಿನ ಬದಲು ಆರ್‌ಸಿಸಿ ಬಂದಿದೆ. ಕಿಟಕಿಯಾಚೆಯ ತೆಂಗಿನ ತೋಟ ಮಾತ್ರ ಹಾಗೇ ಇದೆ.

ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. ಕೊನೆಗೆ "ಏನಾದರೂ ಕೇಳೋದಿದ್ರೆ ಕೇಳಿ" ಎಂದಾಗ ಮೂರನೇ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಾನು ದೇಶದ ಭದ್ರತೆಗೆ ಸಂಬಂಧಪಟ್ಟ ಕೆಲಸಕ್ಕೆ ಸೇರಬೇಕು ಅಂತ ಇದ್ದೀನಿ. ಪಿಯುಸಿಯಲ್ಲಿ ಏನು ತಗೋಬೇಕು?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ಸೈನ್ಸ್ ತಗೋಮ್ಮ. ಆಮೇಲೆ ಬಿ.ಇ. ಮಾಡು, ಕಂಪ್ಯೂಟರ್ ಸೈನ್ಸ್. ಈಗೆಲ್ಲ ಯುದ್ಧ ಕಂಪ್ಯೂಟರಿನಲ್ಲೇ ನಡೆಯೋದು" ಎಂದೆ.

ಅವಳು ಕೂರಲಿಲ್ಲ. "ಇಲ್ಲಿ ಹತ್ತಿರದ ಕಾಲೇಜಿನಲ್ಲಿ ಆರ್ಟ್ಸ್, ಕಾಮರ್ಸ್ ಮಾತ್ರ ಇರೋದು ಸರ್. ಸೈನ್ಸಿಗೆ ಪಟ್ಟಣಕ್ಕೆ ಹೋಗಬೇಕು, ಮನೇಲಿ ಕಳಿಸಲ್ಲ. ಹಾಗಾದ್ರೆ ನನಗೆ ಆಗಲ್ವಾ?"

ನನ್ನಲ್ಲಿ ಉತ್ತರ ಇರಲಿಲ್ಲ. "ಪ್ರಯತ್ನ ಬಿಡಬೇಡ" ಎಂದಷ್ಟೇ ಹೇಳಿ ಹೊರಬಂದೆ. ಪ್ರಯತ್ನ ಬಿಡಬೇಡ ಎನ್ನುವುದು ಉತ್ತರವಲ್ಲ, ಉತ್ತರ ಗೊತ್ತಿಲ್ಲದವರು ಹೇಳುವ ಮಾತು. ಅಂದು ರಾತ್ರಿ ಬಸ್ಸಿನಲ್ಲಿ ಮರಳುವಾಗ ಅವಳ ಪ್ರಶ್ನೆಯೇ ತಲೆಯಲ್ಲಿತ್ತು. ದೇಶದ ಭದ್ರತೆಯ ಕೆಲಸ ಮಾಡಿದವರು ನಿಜಕ್ಕೂ ಏನು ಓದಿದ್ದರು? ಇದನ್ನು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಆ ನಂತರ ಕೆಲವು ತಿಂಗಳು ಬಿಡುವಾದಾಗಲೆಲ್ಲ ಓದಿದೆ. ಓದಿ ತಿಳಿದದ್ದನ್ನು ಈ ಸಂಚಿಕೆಯ ಮೂಲಕ ಅವಳಿಗೂ, ಅವಳ ನಂತರ ಆ ಬೆಂಚಿನಲ್ಲಿ ಕೂರುವವರಿಗೂ ಒಪ್ಪಿಸುತ್ತಿದ್ದೇನೆ.

ಪೋಜ್ನಾನ್‌ನ ಗಣಿತ ವಿದ್ಯಾರ್ಥಿಗಳು

ಕಥೆ ದೂರದ ಪೋಲೆಂಡ್ ದೇಶದಿಂದ ಶುರುವಾಗುತ್ತದೆ. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ರಷ್ಯಾ. ಇಬ್ಬರು ಬಲಾಢ್ಯರ ನಡುವೆ ಸಿಕ್ಕಿಕೊಂಡ ದೇಶ ಅದು. ನೂರಕ್ಕೂ ಹೆಚ್ಚು ವರ್ಷ ನೆರೆಯವರ ಆಳ್ವಿಕೆಯಲ್ಲಿ ಹರಿದುಹಂಚಿಹೋಗಿದ್ದು, 1918ರಲ್ಲಷ್ಟೇ ಮತ್ತೆ ಸ್ವತಂತ್ರವಾಗಿತ್ತು. ಜರ್ಮನಿ ಏನು ಮಾಡುತ್ತಿದೆ ಎಂದು ತಿಳಿಯುವುದು ಆ ದೇಶಕ್ಕೆ ಜೀವನ್ಮರಣದ ಪ್ರಶ್ನೆ.

1920ರ ದಶಕದ ಕೊನೆಯ ಹೊತ್ತಿಗೆ ಜರ್ಮನ್ ಸೈನ್ಯದ ವೈರ್‌ಲೆಸ್ ಸಂದೇಶಗಳು ಇದ್ದಕ್ಕಿದ್ದಂತೆ ಅರ್ಥವಾಗದಂತಾದವು. ಕಾರಣ, ಎನಿಗ್ಮಾ ಎಂಬ ಯಂತ್ರ. ನೋಡಲು ಟೈಪ್‌ರೈಟರಿನಂತಿದ್ದ ಅದರಲ್ಲಿ ಒಂದು ಅಕ್ಷರ ಒತ್ತಿದರೆ ಬೇರೊಂದು ಅಕ್ಷರದ ದೀಪ ಉರಿಯುತ್ತಿತ್ತು. ಪ್ರತಿ ಸಲ ಒತ್ತಿದಾಗಲೂ ಒಳಗಿನ ಚಕ್ರ ಒಂದು ಹಲ್ಲು ಮುಂದಕ್ಕೆ ತಿರುಗುವುದರಿಂದ, ಅದೇ ಅಕ್ಷರ ಮತ್ತೆ ಒತ್ತಿದರೆ ಇನ್ನೊಂದೇ ದೀಪ. ಚಕ್ರಗಳು ಮೂರು, ಒಂದೊಂದಕ್ಕೆ 26 ಸ್ಥಾನ. 26ನ್ನು ಮೂರು ಸಲ ಗುಣಿಸಿದರೆ 17,576. ಚಕ್ರಗಳನ್ನು ಹಿಂದುಮುಂದಾಗಿ ಆರು ರೀತಿ ಜೋಡಿಸಬಹುದಾದ್ದರಿಂದ 1,05,456. ಇದರ ಮೇಲೆ ಅಕ್ಷರಗಳನ್ನು ಅದಲುಬದಲು ಮಾಡುವ ತಂತಿಗಳ ಹಲಗೆ ಬೇರೆ. ನಾವು ಪ್ರವಾಸಕ್ಕೆ ಒಯ್ಯುವ ಸೂಟ್‌ಕೇಸಿನ ನಂಬರ್ ಬೀಗಕ್ಕೆ ಮೂರು ಚಕ್ರ, ಸಾವಿರ ಸಾಧ್ಯತೆ. ಇದು ಆ ಜಾತಿಯದೇ, ಆದರೆ ಪ್ರತಿ ಅಕ್ಷರಕ್ಕೂ ತಾನೇ ನಂಬರ್ ಬದಲಿಸಿಕೊಳ್ಳುವ ಬೀಗ.

ಅಲ್ಲಿಯವರೆಗೆ ಗುಪ್ತಲಿಪಿ ಬಿಡಿಸುವುದು ಭಾಷಾ ಪಂಡಿತರ ಕೆಲಸ ಎಂಬ ನಂಬಿಕೆ ಬಹುತೇಕ ದೇಶಗಳಲ್ಲಿತ್ತು. ಪೋಲೆಂಡಿನ ಗುಪ್ತಲಿಪಿ ಇಲಾಖೆ ಬೇರೆ ರೀತಿ ಯೋಚಿಸಿತು. 1929ರಲ್ಲಿ ಪೋಜ್ನಾನ್ ವಿಶ್ವವಿದ್ಯಾಲಯದಲ್ಲಿ ಜರ್ಮನ್ ಚೆನ್ನಾಗಿ ಬಲ್ಲ ಸುಮಾರು ಇಪ್ಪತ್ತು ಗಣಿತ ವಿದ್ಯಾರ್ಥಿಗಳನ್ನು ಆರಿಸಿ ಗುಟ್ಟಾಗಿ ತರಗತಿ ನಡೆಸಿತು. ಪೋಜ್ನಾನನ್ನೇ ಯಾಕೆ ಆರಿಸಿದರು? ಆ ಸೀಮೆ 1918ರವರೆಗೆ ಜರ್ಮನರ ಆಳ್ವಿಕೆಯಲ್ಲಿತ್ತು. ಅಲ್ಲಿನ ಹುಡುಗರು ಜರ್ಮನ್ ಶಾಲೆಗಳಲ್ಲಿ ಓದಿ ಬೆಳೆದವರು. ದೇಶಕ್ಕೆ ಬೇಕಾಗಿದ್ದುದು ಲೆಕ್ಕ ಮಾತ್ರವೂ ಅಲ್ಲ, ಭಾಷೆ ಮಾತ್ರವೂ ಅಲ್ಲ, ಎರಡೂ ಕೂಡಿದ ತಲೆ.

ಆ ತರಗತಿಯಿಂದ ಹೊರಬಂದವರಲ್ಲಿ ಮೂವರ ಹೆಸರು ಇಂದು ಇತಿಹಾಸದಲ್ಲಿದೆ: ಮರಿಯನ್ ರೆಯೆವ್‌ಸ್ಕಿ, ಯೆರ್ಜಿ ರುಜಿಟ್ಸ್ಕಿ, ಹೆನ್ರಿಕ್ ಜಿಗಾಲ್‌ಸ್ಕಿ. ರೆಯೆವ್‌ಸ್ಕಿಗೆ ದೇಶ ಕಾಯುವ ಕೆಲಸದ ಕನಸೇನೂ ಇರಲಿಲ್ಲ. ವಿಮಾ ಕಂಪನಿಗಳಿಗೆ ಬೇಕಾಗುವ ಗಣಿತ ಕಲಿಯಲೆಂದು ಆ ಗುಪ್ತ ತರಗತಿಯನ್ನು ಮುಗಿಸುವ ಮೊದಲೇ ಜರ್ಮನಿಯ ಗಟ್ಟಿಂಗೆನ್‌ಗೆ ಹೋಗಿದ್ದ. ಒಂದು ವರ್ಷದ ನಂತರ ಮರಳಿ ಅಧ್ಯಾಪಕ ವೃತ್ತಿ ಹಿಡಿದ. 1932ರ ಸೆಪ್ಟೆಂಬರಿನಲ್ಲಿ ವಾರ್ಸಾದ ಗುಪ್ತಲಿಪಿ ಇಲಾಖೆ ಸೇರಿದ. ಅದೇ ಡಿಸೆಂಬರ್ ಕೊನೆಗೆ ಎನಿಗ್ಮಾದ ಒಳಗಿನ ತಂತಿ ಜೋಡಣೆಯನ್ನು, ಆ ಸೈನಿಕ ಯಂತ್ರವನ್ನೇ ಕಣ್ಣಲ್ಲಿ ನೋಡದೆ, ಲೆಕ್ಕದಿಂದ ಕಂಡುಹಿಡಿದುಬಿಟ್ಟ. ಆಗ ಅವನಿಗೆ 27 ವರ್ಷ.

ಹೇಗೆ? ಜರ್ಮನರದ್ದು ಒಂದು ನಿಯಮವಿತ್ತು. ಪ್ರತಿ ಸಂದೇಶಕ್ಕೂ ಕಳುಹಿಸುವವನು ಮೂರು ಅಕ್ಷರ ಆರಿಸಿಕೊಂಡು, ತಪ್ಪಾಗದಿರಲಿ ಎಂದು ಅದನ್ನು ಎರಡೆರಡು ಸಲ ಒತ್ತಬೇಕು. ಹಾಗಾಗಿ ಪ್ರತಿ ಸಂದೇಶದ ಮೊದಲ ಆರು ಅಕ್ಷರಗಳಲ್ಲಿ ಒಂದನೆಯದೂ ನಾಲ್ಕನೆಯದೂ ಮೂಲದಲ್ಲಿ ಒಂದೇ ಅಕ್ಷರ. ಎರಡನೆಯದೂ ಐದನೆಯದೂ ಒಂದೇ. ಮೂರನೆಯದೂ ಆರನೆಯದೂ ಒಂದೇ. ಒಂದೇ ದಿನದ ಹಲವು ಸಂದೇಶಗಳನ್ನು ಪಕ್ಕಪಕ್ಕ ಇಟ್ಟು, ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಹೋಗುತ್ತದೆ ಎಂದು ಸರಪಳಿ ಹೆಣೆದರೆ ಯಂತ್ರದ ಒಳಗಿನ ಆಕಾರ ಹೊರಗೆ ಕಾಣತೊಡಗುತ್ತದೆ. ಈ ಸರಪಳಿಗೆ ಅವನು ಬಳಸಿದ್ದು ಕ್ರಮಯೋಜನೆಯ ಗಣಿತ. ಫ್ರೆಂಚರು ಜರ್ಮನಿಯ ಒಬ್ಬ ನೌಕರನಿಂದ ಗುಟ್ಟಾಗಿ ಪಡೆದು ಒದಗಿಸಿದ ಕೆಲವು ದಾಖಲೆಗಳೂ ನೆರವಿಗೆ ಬಂದವು.

ನಮ್ಮ ಗಣಿತ ಮೇಷ್ಟ್ರು ಕ್ರಮಯೋಜನೆ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿದ್ದ ನಾವು "ಐದು ಜನರನ್ನು ಐದು ಕುರ್ಚಿಯಲ್ಲಿ ಎಷ್ಟು ವಿಧವಾಗಿ ಕೂರಿಸಿದರೆ ಯಾರಿಗೇನು ಲಾಭ ಸಾರ್?" ಎಂದು ಕೇಳಿ ಬೈಸಿಕೊಂಡಿದ್ದೆವು. ಲಾಭ ಯಾರಿಗೆ ಎಂದು ಈಗ ಗೊತ್ತಾಗಿದೆ ಸಾರ್. ತಡವಾಗಿದ್ದಕ್ಕೆ ಕ್ಷಮೆಯಿರಲಿ.

ಆದರೆ ಲೆಕ್ಕವೂ ಒಂದು ಕಡೆ ನಿಂತುಹೋಯಿತು. ಕೀಲಿಗಳಿಂದ ಮೊದಲ ಚಕ್ರಕ್ಕೆ ತಂತಿಗಳು ಯಾವ ಕ್ರಮದಲ್ಲಿ ಹೋಗುತ್ತವೆ ಎಂಬುದು ಗೊತ್ತಾಗಲಿಲ್ಲ. ಸಾಧ್ಯತೆಗಳು ಎಣಿಸಲಾರದಷ್ಟು. ಎ, ಬಿ, ಸಿ, ಡಿ ಎಂದು ನೇರ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿರಬಹುದೇ ಎಂದು ರೆಯೆವ್‌ಸ್ಕಿ ಊಹಿಸಿದ. ಊಹೆ ನಿಜವಾಯಿತು. ಸೂತ್ರದ ಜೊತೆಗೆ ಮನುಷ್ಯರ ಸ್ವಭಾವದ ಅಂದಾಜೂ ಇದ್ದವನಿಗಷ್ಟೇ ಹೊಳೆಯುವ ಮಾತು ಇದು.

1939ರ ಜುಲೈ ಕೊನೆಯಲ್ಲಿ, ಯುದ್ಧ ಬಾಗಿಲಲ್ಲಿ ನಿಂತಿದ್ದಾಗ, ಪೋಲೆಂಡಿನವರು ಬ್ರಿಟಿಷರನ್ನೂ ಫ್ರೆಂಚರನ್ನೂ ವಾರ್ಸಾ ಹತ್ತಿರದ ಪಿರಿ ಕಾಡಿಗೆ ಕರೆಸಿಕೊಂಡು ತಮಗೆ ತಿಳಿದದ್ದನ್ನೆಲ್ಲ ಹಂಚಿಕೊಂಡರು. ಸೆಪ್ಟೆಂಬರ್ 1ಕ್ಕೆ ಜರ್ಮನಿ ಪೋಲೆಂಡಿನ ಮೇಲೆರಗಿತು. ದೇಶ ಬಿದ್ದಿತು, ಅದರ ವಿದ್ಯೆ ಮಾತ್ರ ಐದು ವಾರ ಮೊದಲೇ ಗಡಿ ದಾಟಿ ಕ್ಷೇಮವಾಗಿತ್ತು.

ಹಳೆಯ ಹಸ್ತಪ್ರತಿ ಓದುವವನು, ಕೆಲಸಕ್ಕೆ ಸೇರಿದ ಹುಡುಗಿ

ಆ ಕಾಡಿನ ಸಭೆಯಲ್ಲಿ, ಮೊದಲ ಚಕ್ರದ ತಂತಿಗಳ ಕ್ರಮ ಯಾವುದು ಎಂದು ಆತುರದಿಂದ ಕೇಳಿದ ಬ್ರಿಟಿಷ್ ಅಧಿಕಾರಿಯ ಹೆಸರು ಡಿಲ್ಲಿ ನಾಕ್ಸ್. ಆತ ಓದಿದ್ದು ಪ್ರಾಚೀನ ಗ್ರೀಕ್. ತುಂಡುತುಂಡಾಗಿ ಹರಿದು ಸಿಕ್ಕಿದ ಎರಡು ಸಾವಿರ ವರ್ಷ ಹಳೆಯ ಪಪೈರಸ್ ಹಸ್ತಪ್ರತಿಗಳಲ್ಲಿ ಕಳೆದುಹೋದ ಅಕ್ಷರ ಯಾವುದಿರಬಹುದು ಎಂದು ಊಹಿಸಿ ಕೂಡಿಸುವುದು ಅವನ ವಿದ್ವತ್ತು. ನಮ್ಮಲ್ಲಿ ಶಾಸನ ಓದುವವರು, ತಾಳೆಗರಿ ಓದುವವರು ಮಾಡುವ ಕೆಲಸವೇ ಅದು. ಎರಡೂ ಮಹಾಯುದ್ಧಗಳಲ್ಲಿ ಅವನು ಗುಪ್ತಲಿಪಿ ಬಿಡಿಸಿದ.

ಯುದ್ಧಕಾಲದಲ್ಲಿ ಬ್ರಿಟಿಷರ ಈ ಕೆಲಸ ನಡೆದ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಗಣಿತಜ್ಞ ಆಲನ್ ಟ್ಯೂರಿಂಗ್ ಇದ್ದ. ನನ್ನಂಥ ಕಂಪ್ಯೂಟರ್ ಎಂಜಿನಿಯರುಗಳಿಗೆ ಅವನು ಮೂಲಪುರುಷನಿದ್ದಂತೆ. ಅವನ ತಂದೆ ನಮ್ಮ ಮದ್ರಾಸ್ ಪ್ರಾಂತ್ಯದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದವರು. ಟ್ಯೂರಿಂಗ್ ಬಗ್ಗೆ ಕಾಲೇಜಿನಲ್ಲಿ ಓದಿದ್ದೆ. ಅವನ ಸುತ್ತ ಇದ್ದವರ ಬಗ್ಗೆ ಯಾರೂ ಹೇಳಿರಲಿಲ್ಲ. ಯುದ್ಧದ ಕೊನೆಯ ಹೊತ್ತಿಗೆ ಅಲ್ಲಿ ಸುಮಾರು ಒಂಬತ್ತು ಸಾವಿರ ಜನ ದುಡಿಯುತ್ತಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆಂಗಸರು.

ಅವರಲ್ಲೊಬ್ಬಳು ಜೋನ್ ಕ್ಲಾರ್ಕ್. ಕೇಂಬ್ರಿಜ್‌ನಲ್ಲಿ ಗಣಿತದಲ್ಲಿ ಎರಡು ಹಂತದಲ್ಲೂ ಪ್ರಥಮ ದರ್ಜೆ ಪಡೆದವಳು. ಆದರೆ ಆ ವಿಶ್ವವಿದ್ಯಾಲಯ 1948ರವರೆಗೆ ಹೆಂಗಸರಿಗೆ ಪೂರ್ಣ ಪದವಿಯನ್ನೇ ಕೊಡುತ್ತಿರಲಿಲ್ಲ! 1940ರಲ್ಲಿ ಬ್ಲೆಚ್‌ಲಿಗೆ ಸೇರಿದಾಗ ಗುಮಾಸ್ತೆಯರ ಜೊತೆ ಕೂರಿಸಿದರು. ಕೆಲವೇ ದಿನಗಳಲ್ಲಿ ಟ್ಯೂರಿಂಗ್‌ನ ತಂಡಕ್ಕೆ ಬಂದಳು. ಸಂಬಳ ಹೆಚ್ಚಿಸಬೇಕೆಂದರೆ ಹೆಂಗಸರಿಗೆ ಗಣಿತದ ದರ್ಜೆಯ ಹುದ್ದೆಯೇ ಇರಲಿಲ್ಲವಾದ್ದರಿಂದ 'ಭಾಷಾತಜ್ಞೆ' ಎಂದು ಬಡ್ತಿ ಕೊಟ್ಟರು. ಹುದ್ದೆ ಭಾಷಾತಜ್ಞೆ, ಬಲ್ಲ ಭಾಷೆ ಯಾವುದೂ ಇಲ್ಲ ಎಂದು ಅರ್ಜಿ ತುಂಬುವುದೇ ಅವಳಿಗೊಂದು ತಮಾಷೆಯಾಗಿತ್ತಂತೆ.

ಜಪಾನ್ ಯುದ್ಧಕ್ಕಿಳಿದಾಗ ಬ್ರಿಟಿಷರಿಗೆ ಜಪಾನಿ ಬಲ್ಲವರೇ ಸಾಲದಾದರು. 1942ರಲ್ಲಿ ಬೆಡ್‌ಫರ್ಡ್ ಎಂಬ ಊರಿನಲ್ಲಿ, ಗ್ರೀಕ್ ಲ್ಯಾಟಿನ್ ಓದುತ್ತಿದ್ದ ಕಾಲೇಜು ಹುಡುಗರನ್ನು ಕೂರಿಸಿ ಆರು ತಿಂಗಳಲ್ಲಿ ಜಪಾನಿ ಕಲಿಸಿದರು. ಇಷ್ಟು ಬೇಗ ಆಗುವುದೇ ಇಲ್ಲ ಎಂದಿದ್ದರು ತಜ್ಞರು, ಆದರೂ ಆಯಿತು. ಒಂದು ಕಷ್ಟದ ಭಾಷೆಯನ್ನು ಶ್ರದ್ಧೆಯಿಂದ ಕಲಿತವನು ಇನ್ನೊಂದನ್ನೂ ಕಲಿಯಬಲ್ಲ.

ಅಮೆರಿಕದಲ್ಲಿ ಇದಕ್ಕೂ ಮೊದಲೇ ಎಲಿಜಬೆತ್ ಫ್ರೀಡ್‌ಮನ್ ಎಂಬಾಕೆ ಇದ್ದಳು. ಓದಿದ್ದು ಇಂಗ್ಲಿಷ್ ಸಾಹಿತ್ಯ. ಕೆಲಸಕ್ಕೆ ಕರೆದದ್ದು ಶೇಕ್ಸ್‌ಪಿಯರ್ ನಾಟಕಗಳಲ್ಲಿ ಗುಪ್ತ ಸಂದೇಶ ಅಡಗಿದೆ ಎಂಬ ಒಬ್ಬ ಶ್ರೀಮಂತನ ಹುಚ್ಚು ಹುಡುಕಾಟಕ್ಕೆ. ಅಲ್ಲಿ ಸಂದೇಶ ಯಾವುದೂ ಸಿಗಲಿಲ್ಲ, ಗುಪ್ತಲಿಪಿ ಬಿಡಿಸುವ ವಿದ್ಯೆ ಸಿಕ್ಕಿತು. ಮುಂದೆ ಕರಾವಳಿ ಕಾವಲು ಪಡೆಗಾಗಿ ಮದ್ಯ ಕಳ್ಳಸಾಗಣೆದಾರರ ಸಂದೇಶಗಳನ್ನು ಬಿಡಿಸಿ, ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಅವಳ ಗಂಡ ವಿಲಿಯಂ ಫ್ರೀಡ್‌ಮನ್ ಅಮೆರಿಕದ ಗುಪ್ತಲಿಪಿ ಶಾಸ್ತ್ರಕ್ಕೆ ಅಡಿಪಾಯ ಹಾಕಿದವನು. ಅವನು ಓದಿದ್ದು ಸಸ್ಯಗಳ ತಳಿಶಾಸ್ತ್ರ!

ನಮ್ಮ ದೇಶದಲ್ಲಿ

ಹೊರದೇಶದ ಮಾತು ಸಾಕು, ನಮ್ಮಲ್ಲಿ ಹೇಗೆ ಎಂದು ಕೇಳಬಹುದು. ನಮ್ಮ ತಾಲ್ಲೂಕಿನವರು ಕೊಬ್ಬರಿ ಮಾರಲು ಹೋಗುವ ತಿಪಟೂರಿನಿಂದಲೇ ಆರಂಭಿಸೋಣ. 1925ರಲ್ಲಿ ಅಲ್ಲಿ ಹುಟ್ಟಿದವರು ರಾಜಾ ರಾಮಣ್ಣ. ಓದಿದ್ದು ಭೌತಶಾಸ್ತ್ರ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಪಿಎಚ್.ಡಿ. ಜೊತೆಗೆ ಪಿಯಾನೋ ನುಡಿಸುವುದರಲ್ಲಿ ಪರಿಣತರು. 1974ರ ಪೋಖ್ರಾನ್ ಅಣು ಪರೀಕ್ಷೆಯ ತಂಡದ ಮುಂದಾಳು. ಮುಂದೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾದರು, 1990ರಲ್ಲಿ ಸ್ವತಃ ರಕ್ಷಣಾ ಖಾತೆಯ ರಾಜ್ಯ ಸಚಿವರೂ ಆದರು.

ಬೆಂಗಳೂರಿನ ರೊದ್ದಂ ನರಸಿಂಹ ಅವರ ತಂದೆ ಸೆಂಟ್ರಲ್ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು ಆರ್.ಎಲ್. ನರಸಿಂಹಯ್ಯ. ಕನ್ನಡದಲ್ಲಿ ವಿಜ್ಞಾನ ಬರೆದವರಲ್ಲಿ ಮೊದಲ ಸಾಲಿನವರು. ಮಗ ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಬಿ.ಇ. ಓದುತ್ತಿದ್ದಾಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಿಲ್ಲಿಸಿದ್ದ ಒಂದು ಸ್ಪಿಟ್‌ಫೈರ್ ಯುದ್ಧವಿಮಾನ ನೋಡಿ ಮನಸೋತು ವಿಮಾನಶಾಸ್ತ್ರದತ್ತ ಹೊರಳಿದರು. ಅವರು ಮುಂದೆ ನಿರ್ದೇಶಕರಾಗಿದ್ದ ಎನ್.ಎ.ಎಲ್. ಪ್ರಯೋಗಾಲಯ, 2001ರ ಜನವರಿ 4ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ ಹಗುರ ಯುದ್ಧವಿಮಾನ ತೇಜಸ್‌ನ ಕೆಲಸದಲ್ಲಿ ದೊಡ್ಡ ಪಾಲು ಹೊತ್ತಿತು.

ಇವರೆಲ್ಲ ವಿಜ್ಞಾನದವರೇ ಆದರಲ್ಲ ಎನ್ನಬೇಡಿ. 1968ರಲ್ಲಿ ನಮ್ಮ ವಿದೇಶಿ ಬೇಹುಗಾರಿಕೆ ಸಂಸ್ಥೆ 'ರಾ' ಹುಟ್ಟಿದಾಗ ಅದರ ಮೊದಲ ಮುಖ್ಯಸ್ಥರಾದ ಆರ್.ಎನ್. ಕಾವ್ ಅಲಹಾಬಾದಿನಲ್ಲಿ ಓದಿದ್ದು ಇಂಗ್ಲಿಷ್ ಸಾಹಿತ್ಯದ ಎಂ.ಎ. ದೇಶದ ರಕ್ಷಣಾ ನೀತಿಯ ಚಿಂತನೆಗೆ ದಾರಿ ಹಾಕಿ, 1999ರ ಯುದ್ಧದ ನಂತರ ಕಾರ್ಗಿಲ್ ಪರಿಶೀಲನಾ ಸಮಿತಿಯ ಅಧ್ಯಕ್ಷರಾದ ಕೆ. ಸುಬ್ರಹ್ಮಣ್ಯಂ ಅವರು ಓದಿದ್ದು ರಸಾಯನಶಾಸ್ತ್ರ, ಕೆಲಸ ಐ.ಎ.ಎಸ್. ವಿಜ್ಞಾನ ಓದಿದವರು ನೀತಿ ಬರೆದರು, ಸಾಹಿತ್ಯ ಓದಿದವರು ಗೂಢಚರ್ಯೆ ಕಟ್ಟಿದರು.

ಅಬ್ದುಲ್ ಕಲಾಂ ಅವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಭೌತಶಾಸ್ತ್ರದ ಬಿ.ಎಸ್ಸಿ., ಆಮೇಲೆ ಮದ್ರಾಸಿನಲ್ಲಿ ವಿಮಾನ ಎಂಜಿನಿಯರಿಂಗ್. ಅವರ ಆಸೆ ವಾಯುಪಡೆಯ ಪೈಲಟ್ ಆಗುವುದು. ಎಂಟು ಜಾಗ ಇದ್ದವು, ಇವರು ಒಂಬತ್ತನೆಯವರು. ಆ ಬಾಗಿಲು ಮುಚ್ಚಿದ್ದಕ್ಕೇ ಇನ್ನೊಂದು ಬಾಗಿಲಿಗೆ ಹೋದರು.

ಪೊಲೀಸ್ ಹುದ್ದೆ ಬಿಟ್ಟು ಬೀಜ ಹಿಡಿದವರು

ನಮ್ಮದು ರೈತರ ಊರು. ಹಾಗಾಗಿ ಇನ್ನೊಬ್ಬರ ಕಥೆ ಹೇಳಲೇಬೇಕು. ಎಂ.ಎಸ್. ಸ್ವಾಮಿನಾಥನ್ ಅವರ ಮನೆಯವರ ಆಸೆ ಮಗ ಡಾಕ್ಟರ್ ಆಗಲಿ ಎಂದು. 1943ರ ಬಂಗಾಳದ ಬರ ಅವರ ಮನಸ್ಸನ್ನು ಕಲಕಿತು. ಲಕ್ಷಾಂತರ ಜನ ಹಸಿವಿನಿಂದ ಸತ್ತ ಬರ ಅದು. ಅವರು ಕೃಷಿ ಓದಲು ಕೊಯಮತ್ತೂರಿಗೆ ಹೋದರು. ಮುಂದೆ ನಾಗರಿಕ ಸೇವಾ ಪರೀಕ್ಷೆಯಲ್ಲಿ ಐ.ಪಿ.ಎಸ್.ಗೆ ಆಯ್ಕೆಯೂ ಆದರು. ಅದೇ ಹೊತ್ತಿಗೆ ನೆದರ್‌ಲ್ಯಾಂಡ್ಸ್‌ನಲ್ಲಿ ತಳಿಶಾಸ್ತ್ರ ಓದಲು ಯುನೆಸ್ಕೋ ವಿದ್ಯಾರ್ಥಿವೇತನ ಬಂತು. ಅವರು ಪೊಲೀಸ್ ಹುದ್ದೆ ಬಿಟ್ಟು ತಳಿಶಾಸ್ತ್ರ ಹಿಡಿದರು.

ಊರಿನಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವೇನನ್ನುತ್ತೇವೆ? ಹುಚ್ಚು ಹಿಡಿದಿದೆ ಎನ್ನುತ್ತೇವೆ. ಆದರೆ ಮುಂದೇನಾಯಿತು ನೋಡಿ. 1965ರಲ್ಲಿ ಪಾಕಿಸ್ತಾನದೊಂದಿಗೆ ಯುದ್ಧ, ಅದರ ಜೊತೆಗೆ ಒಂದರ ಹಿಂದೊಂದು ಎರಡು ವರ್ಷ ಬರ. ಅಮೆರಿಕದಿಂದ ಪಿ.ಎಲ್. 480 ಯೋಜನೆಯ ಗೋಧಿ ಹಡಗಿನಲ್ಲಿ ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಅಮೆರಿಕದ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ತಡೆತಡೆದು, ಸ್ವಲ್ಪ ಸ್ವಲ್ಪವೇ ಬಿಡುತ್ತ ನಮ್ಮ ದೇಶದ ನಿಲುವುಗಳ ಮೇಲೆ ಒತ್ತಡ ಹಾಕಿದರು. ಗಡಿಯಲ್ಲಿ ಸೈನಿಕರಿದ್ದರೂ ಅಡುಗೆಮನೆ ಇನ್ನೊಬ್ಬರ ಕೈಯಲ್ಲಿದ್ದರೆ ಸ್ವಾತಂತ್ರ್ಯ ಅರ್ಧವೇ. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಗಿಡ್ಡ ಗೋಧಿಯ ಬಿತ್ತನೆ ಬೀಜ ತರಿಸಿದರು. ಆ ತಳಿಗಳನ್ನು ನಮ್ಮ ಮಣ್ಣಿಗೆ ಒಗ್ಗಿಸಿದ ವಿಜ್ಞಾನಿಗಳ ಮುಂದಾಳು ಸ್ವಾಮಿನಾಥನ್. ಪೊಲೀಸ್ ಅಧಿಕಾರಿಯಾಗಿದ್ದರೆ ಅವರು ಒಂದು ಜಿಲ್ಲೆಯನ್ನು ಕಾಯುತ್ತಿದ್ದರೋ ಏನೋ. ಬೀಜ ಹಿಡಿದು ಒಂದು ದೇಶದ ತಟ್ಟೆ ಕಾಯ್ದರು. 2024ರಲ್ಲಿ ಅವರಿಗೆ ಮರಣೋತ್ತರ ಭಾರತರತ್ನ ಸಂದಿತು.

ನನ್ನ ಆಫೀಸಿನ ಒಂದು ಸಂಗತಿ

ನಾನು ಹಣ ವರ್ಗಾವಣೆಯ ಸಾಫ್ಟ್‌ವೇರ್ ಬರೆಯುವ ತಂಡದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮ್ಯಾನೇಜರ್ ಹೆಸರಿನಲ್ಲಿ ಒಂದು ಇ-ಮೇಲ್ ಬಂತು. ತುರ್ತಾಗಿ ಒಂದು ಖಾತೆಯ ವಿವರ ಬದಲಿಸಿ ಎಂದಿತ್ತು. ವಿಳಾಸ ಸರಿ ಕಾಣುತ್ತಿತ್ತು, ನಮ್ಮ ತಂತ್ರಾಂಶವೂ ಅದನ್ನು ತಡೆಯಲಿಲ್ಲ. ಬಿ.ಇ., ಎಂ.ಟೆಕ್. ಮಾಡಿದ ನಾವು ನಾಲ್ವರು ನೋಡಿ ಸರಿ ಎಂದುಕೊಂಡೆವು. ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗದ ಸಹೋದ್ಯೋಗಿಯೊಬ್ಬರು, ಬಿ.ಎ. ಓದಿದವರು, ಅದನ್ನು ಓದಿ "ಇದು ನಮ್ಮ ಸಾರ್ ಬರೆದಿದ್ದಲ್ಲ. ಅವರು ಯಾವತ್ತೂ ಹೀಗೆ ವಾಕ್ಯ ಶುರು ಮಾಡಲ್ಲ" ಎಂದರು. ಫೋನ್ ಮಾಡಿ ಕೇಳಿದರೆ ನಿಜ, ಅದು ಮೋಸದ ಪತ್ರ. ಅವರು ಹಿಡಿದದ್ದು ಕೋಡಿನ ತಪ್ಪನ್ನಲ್ಲ, ಬರವಣಿಗೆಯ ದನಿಯನ್ನು. ಡಿಲ್ಲಿ ನಾಕ್ಸ್ ಕಥೆ ಓದಿದಾಗ ನನಗೆ ಆಕೆಯೇ ನೆನಪಾದರು. ಹತ್ತನೇ ತರಗತಿಯ ಆ ಹುಡುಗಿಗೆ ಉತ್ತರ ಹೇಳುವಾಗ ಮಾತ್ರ ನೆನಪಾಗಿರಲಿಲ್ಲ.

ಹಾಗಾದರೆ ಉತ್ತರವೇನು?

ಎಲ್ಲ ಬಾಗಿಲೂ ಎಲ್ಲರಿಗೂ ತೆರೆದಿದೆ ಎಂದರೆ ಅದೂ ಸುಳ್ಳಾಗುತ್ತದೆ. ಕೆಲವಕ್ಕೆ ನಿಗದಿತ ಓದು ಬೇಕೇ ಬೇಕು. ಮಕ್ಕಳು, ಪೋಷಕರು ಇಷ್ಟನ್ನು ಗುರುತು ಹಾಕಿಕೊಳ್ಳಿ.

ಪಿಯುಸಿ ನಂತರ ಎನ್.ಡಿ.ಎ. ಪರೀಕ್ಷೆ ಬರೆದು ಭೂಸೇನೆಯ ಅಧಿಕಾರಿಯಾಗಲು ಯಾವ ವಿಭಾಗವಾದರೂ ಆದೀತು. ವಾಯುಪಡೆ, ನೌಕಾಪಡೆಗೆ ಭೌತಶಾಸ್ತ್ರ, ಗಣಿತ ಓದಿರಬೇಕು. ಆದರೆ ಪರೀಕ್ಷೆಯಲ್ಲಿ ಗಣಿತದ ಪತ್ರಿಕೆ ಎಲ್ಲರಿಗೂ ಇದೆ ಎಂಬುದನ್ನು ಮರೆಯಬೇಡಿ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹೆಣ್ಣುಮಕ್ಕಳೂ ಎನ್.ಡಿ.ಎ. ಬರೆಯಬಹುದು, 2022ರಲ್ಲಿ ಮೊದಲ ತಂಡ ಸೇರಿತು. ಡಿ.ಆರ್.ಡಿ.ಒ. ವಿಜ್ಞಾನಿಯಾಗಲು ಎಂಜಿನಿಯರಿಂಗ್ ಅಥವಾ ವಿಜ್ಞಾನದ ಪದವಿ ಬೇಕು. ಬೆಂಗಳೂರಿನಲ್ಲೇ ಅದರ ಹಲವು ಪ್ರಯೋಗಾಲಯಗಳಿವೆ. ಐ.ಪಿ.ಎಸ್., ವಿದೇಶಾಂಗ ಸೇವೆಗೆ ಯಾವುದೇ ಪದವಿ ಸಾಕು, ಬಿ.ಎ. ಮಾಡಿದವರೂ ಬಿ.ಇ. ಮಾಡಿದವರೂ ಬರೆಯುವುದು ಒಂದೇ ಪರೀಕ್ಷೆ. ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಅಲ್ಲಿ ಆಸ್ತಿಯೇ ಹೊರತು ಹೊರೆಯಲ್ಲ.

ನಮ್ಮೂರಿನ ನಿವೃತ್ತ ಹವಾಲ್ದಾರರೊಬ್ಬರು ಸಿಗ್ನಲ್ಸ್ ವಿಭಾಗದಲ್ಲಿದ್ದವರು. ಈ ಲೇಖನಕ್ಕಾಗಿ ಅವರ ಜಗಲಿಯಲ್ಲಿ ಕೂತು ಮಾತಾಡಿದೆ. ಅವರು ಹೇಳಿದ್ದು: "ಓಡೋದು ಸೇರೋ ದಿನಕ್ಕೆ ಕಣಪ್ಪ. ಆಮೇಲೆ ಇಪ್ಪತ್ತು ವರ್ಷ ನನ್ನನ್ನ ಕಾಪಾಡಿದ್ದು ಕೇಳಿಸಿಕೊಂಡದ್ದನ್ನ ಒಂದಕ್ಷರ ತಪ್ಪದೆ ಬರೆಯೋ ಅಭ್ಯಾಸ. ಅದು ನಮ್ಮ ಕನ್ನಡ ಮೇಷ್ಟ್ರು ಉಕ್ತಲೇಖನ ಬರೆಸಿ ಕಲಿಸಿದ್ದು." ಉಕ್ತಲೇಖನದಿಂದ ದೇಶಸೇವೆ ಎಂದು ಯಾವ ಕೆರಿಯರ್ ಗೈಡಿನಲ್ಲೂ ಬರೆದಿರುವುದಿಲ್ಲ.

ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಈ ಕೆಲಸದಲ್ಲಿ ಹೆಸರು ಸಿಗುವುದು ಕಡಿಮೆ. ಎನಿಗ್ಮಾವನ್ನು ಮೊದಲು ಒಡೆದ ರೆಯೆವ್‌ಸ್ಕಿ 1946ರಲ್ಲಿ ಊರಿಗೆ ಮರಳಿ ಕಾರ್ಖಾನೆಗಳಲ್ಲಿ ಲೆಕ್ಕಪತ್ರದ ನೌಕರಿ ಮಾಡಿದ. ಅವನು ಏನು ಮಾಡಿದ್ದ ಎಂದು ಅಕ್ಕಪಕ್ಕದವರಿಗೂ ಗೊತ್ತಿರಲಿಲ್ಲ. ಜಗತ್ತಿಗೆ ತಿಳಿದದ್ದು 1970ರ ದಶಕದಲ್ಲಿ, ಅವನ ಬದುಕಿನ ಕೊನೆಯ ವರ್ಷಗಳಲ್ಲಿ. ಜೊತೆಗಾರ ರುಜಿಟ್ಸ್ಕಿ 1942ರಲ್ಲಿ ಹಡಗು ಮುಳುಗಿ ಸತ್ತ. ಟ್ಯೂರಿಂಗ್‌ನನ್ನು ಅವನ ದೇಶವೇ 1952ರಲ್ಲಿ ಸಲಿಂಗ ಪ್ರೇಮದ ಕಾರಣಕ್ಕೆ ಕೋರ್ಟಿಗೆಳೆಯಿತು. ಎರಡು ವರ್ಷದಲ್ಲಿ ಅವನು ತೀರಿಕೊಂಡ. ಚಪ್ಪಾಳೆಗಾಗಿ ಈ ದಾರಿ ಹಿಡಿಯುವವರು ಮೊದಲೇ ಯೋಚಿಸಲಿ.

ಇಷ್ಟು ಓದಿದ ಮೇಲೆ ಆ ಹುಡುಗಿಗೆ ನನ್ನ ಉತ್ತರ ಇದು: ಯಾವ ವಿಷಯವೂ ಚಿಕ್ಕದಲ್ಲ, ಅರ್ಧಂಬರ್ಧ ಓದಿದ ವಿಷಯ ಮಾತ್ರ ಚಿಕ್ಕದು. ಒಂದನ್ನು ಬುಡಮಟ್ಟ ಕಲಿ. ಅದಕ್ಕೆ ಜೋಡಿಯಾಗಿ ಇನ್ನೊಂದನ್ನು ಇಟ್ಟುಕೊ. ಗಣಿತ ಓದಿದರೆ ಒಂದು ಭಾಷೆ, ಇತಿಹಾಸ ಓದಿದರೆ ಸ್ವಲ್ಪ ಗಣಿತ. ಪೋಜ್ನಾನ್‌ನಲ್ಲಿ ಅವರು ಹುಡುಕಿದ್ದು ಇಂಥವರನ್ನೇ.

ಸಂಚಿಕೆಯ ಸಮಿತಿಯವರು ಲೇಖನ ಕೇಳಿದಾಗ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಅವಳ ಬಗ್ಗೆ ವಿಚಾರಿಸಿದೆ. ಒಳ್ಳೆಯ ಅಂಕ ಪಡೆದು ಹತ್ತಿರದ ಕಾಲೇಜಿನಲ್ಲೇ ಆರ್ಟ್ಸ್ ಸೇರಿದ್ದಾಳೆ, ಇತಿಹಾಸ ಮತ್ತು ಅರ್ಥಶಾಸ್ತ್ರ ತೆಗೆದುಕೊಂಡಿದ್ದಾಳೆ ಎಂದರು. ಅವಳು ಆರಿಸಿದ್ದು ಇಷ್ಟಪಟ್ಟೋ, ಬಸ್ಸಿಲ್ಲದ್ದಕ್ಕೋ ನನಗೆ ತಿಳಿಯದು. ಇಷ್ಟಪಟ್ಟಿದ್ದರೆ ಅವಳ ದಾರಿ ಒಳ್ಳೆಯದೇ, ಮೇಲಿನ ಪುಟಗಳೇ ಸಾಕ್ಷಿ. ಬಸ್ಸಿಲ್ಲದ್ದಕ್ಕಾದರೆ ಅದು ಅವಳ ಆಯ್ಕೆಯಲ್ಲ, ನಮ್ಮ ಲೋಪ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟೋಣ, ಬೇಡವೆನ್ನುವುದಿಲ್ಲ. ಜೊತೆಗೆ, ವಿಜ್ಞಾನ ಓದಲು ಆಸೆಯಿದ್ದು ಪಟ್ಟಣಕ್ಕೆ ಹೋಗಲಾಗದ ಹೆಣ್ಣುಮಕ್ಕಳಿಗೆ ಬಸ್ ಪಾಸ್ ಮತ್ತು ಹಾಸ್ಟೆಲ್ ಖರ್ಚಿಗೆ ಒಂದು ಸಣ್ಣ ನಿಧಿ ಮಾಡೋಣ. ನನ್ನ ಪಾಲನ್ನು ಸಮಿತಿಗೆ ಈಗಾಗಲೇ ತಿಳಿಸಿದ್ದೇನೆ. ಪೋಷಕರಲ್ಲಿಯೂ ಕೈಮುಗಿದು ಕೇಳುತ್ತೇನೆ: ಮಗ ದಡ್ಡ, ಆರ್ಟ್ಸಿಗೆ ಹಾಕಿ, ಮಗಳು ಹುಷಾರು, ಆದರೆ ದೂರ ಕಳಿಸಲ್ಲ — ಈ ಎರಡು ಮಾತನ್ನೂ ಬಿಟ್ಟುಬಿಡಿ. ಎರಡರಿಂದಲೂ ದೇಶಕ್ಕೆ ನಷ್ಟ.

ಕ್ರಮಯೋಜನೆ ಕಲಿಸಿದ, ಉಕ್ತಲೇಖನ ಬರೆಸಿದ, ಇತಿಹಾಸದ ಇಸವಿಗಳನ್ನು ಬಾಯಿಪಾಠ ಮಾಡಿಸಿದ ನಮ್ಮ ಎಲ್ಲ ಗುರುಗಳಿಗೆ ನಮಸ್ಕಾರಗಳು. ಯಾವ ಪಾಠ ಎಲ್ಲಿ ಉಪಯೋಗಕ್ಕೆ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ. ಬಹುಶಃ ನಿಮಗೂ ಗೊತ್ತಿರಲಿಲ್ಲ. ಆದರೂ ಎಲ್ಲವನ್ನೂ ಶ್ರದ್ಧೆಯಿಂದ ಕಲಿಸಿದಿರಿ.

— ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು
(2005ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ)